ಎಲೆ ನೋಡಿ ಮರ ಗುರುತಿಸುವುದು: ಕಾಸರಗೋಡಿನ ಹಿತ್ತಿಲಿಗೊಂದು ಕವಲು ಕೀಲಿ

ನಮ್ಮ ಮನೆಯಲ್ಲಿ ಹೊನ್ನೆ ಎಂದರೆ ಎಣ್ಣೆ. ಅಜ್ಜಿಯ ಕಾಲದಲ್ಲಿ ದೀಪಕ್ಕೆ ಹೊನ್ನೆಕಾಯಿಯ ಎಣ್ಣೆ ಹಾಕುತ್ತಿದ್ದರಂತೆ. ಒಮ್ಮೆ ಬಾಗಿಲಿನ ದಾರಂದಕ್ಕೆ ಮರ ಬೇಕಾಯಿತು. 'ಹೊನ್ನೆ ಆದರೆ ಒಳ್ಳೆದು' ಅಂದರು ಆಚಾರಿಯವರು. 'ಹಿತ್ತಿಲಲ್ಲೇ ಉಂಟಲ್ಲ' ಅಂದರು ಅಮ್ಮ. ಮರುದಿನ ಆಚಾರಿಯವರು ಮರ ಕಡಿಯುವವರನ್ನು ಕರೆದುಕೊಂಡೇ ಬಂದರು. ಮರದ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿ ನಕ್ಕರು. 'ಇದು ಎಣ್ಣೆಯ ಹೊನ್ನೆ ಅಮ್ಮಾ, ನಾನು ಹೇಳಿದ್ದು ಬೇಂಗ.'

ಇಬ್ಬರದ್ದೂ ತಪ್ಪಲ್ಲ. ಹೆಸರು ಒಂದೇ, ಮರ ಎರಡು. ಎಣ್ಣೆಯದ್ದು ಸುರಹೊನ್ನೆ. ಹಲಗೆಯದ್ದು, ತೊಗಟೆ ಗಾಯವಾದರೆ ಕೆಂಪು ಅಂಟು ಸುರಿಸುವ ಹೊನ್ನೆ. ತುಳುವಿನವರು ಅದನ್ನೇ ಬೇಂಗ ಅನ್ನುತ್ತಾರೆ, ಮಲಯಾಳದವರು ವೇಂಗ. ಕನ್ನಡ, ತುಳು, ಮಲಯಾಳ, ಕೊಂಕಣಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳಿಸುವ ಊರು ನಮ್ಮದು. ಇಲ್ಲಿ ಹೆಸರನ್ನು ಹಿಡಿದುಕೊಂಡು ಮರ ಹುಡುಕಿದರೆ ಇಂಥ ತಮಾಷೆ ಆಗುತ್ತಲೇ ಇರುತ್ತದೆ. ಎಲೆಯನ್ನು ಹಿಡಿದು ಹೊರಟರೆ ಹೆಸರು ಕೊನೆಗೆ ಬರುತ್ತದೆ, ಅದೂ ಸರಿಯಾಗಿ. ಸುರಹೊನ್ನೆಯ ಎಲೆ ಇಡೀ ಒಂದೇ ಹಾಳೆ. ಬೇಂಗದ್ದು ಒಂದೇ ಕಡ್ಡಿಯ ಮೇಲೆ ಐದೋ ಏಳೋ ಕಿರುಎಲೆ. ಒಂದೇ ಪ್ರಶ್ನೆಯಲ್ಲಿ ಎರಡೂ ಬೇರೆಯಾದವು.

ಹೀಗೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗುವ ಕ್ರಮಕ್ಕೆ ಶಾಲೆ ಪುಸ್ತಕದಲ್ಲಿ ಡೈಕಾಟಮಸ್ ಕೀ ಅನ್ನುತ್ತಾರೆ. ನಾನು ಕವಲು ಕೀಲಿ ಅನ್ನುತ್ತೇನೆ. ಬದಿಯಡ್ಕ ಪೇಟೆಯಲ್ಲಿ ನಿಂತು 'ಪೆರ್ಲಕ್ಕಾ, ಮುಳ್ಳೇರಿಯಕ್ಕಾ?' ಎಂದು ಕೇಳಿದ ಹಾಗೆ. ಪ್ರತಿ ಕವಲಿನಲ್ಲೂ ಎರಡೇ ದಾರಿ. ಒಂದನ್ನು ಆರಿಸಿದರೆ ಮುಂದಿನ ಕವಲಿನ ನಂಬರ್ ಸಿಗುತ್ತದೆ, ಕೊನೆಗೆ ಮರದ ಹೆಸರು. ಹಿಂದಿನಿಂದ ಬಂದ ಈ ಉಪಾಯವನ್ನು ಜನರಲ್ಲಿ ಹರಡಿದವನು ಫ್ರಾನ್ಸಿನ ಲಾಮಾರ್ಕ್. 1778ರ ತನ್ನ ಸಸ್ಯಗಳ ಪುಸ್ತಕದಲ್ಲಿ ಗಿಡದ ಬಗ್ಗೆ ಏನೂ ಗೊತ್ತಿಲ್ಲದವನಿಗೂ ಹೆಸರು ಸಿಗುವಂತೆ ಬರೆದಿದ್ದ. ಗೊತ್ತಿಲ್ಲದವನಿಗೆ ಅನ್ನುವುದನ್ನು ನೆನಪಿಡಿ. 'ಇದು ಮಾವೇ ಇರಬೇಕು' ಎಂದು ಮೊದಲೇ ತೀರ್ಮಾನಿಸಿ ಕೀಲಿ ತೆರೆದರೆ, ಎಲ್ಲ ಪ್ರಶ್ನೆಗೂ ಮಾವಿನ ಉತ್ತರವನ್ನೇ ಕೊಡುತ್ತೀರಿ.

ಮೊದಲು ಕೊಂಬೆ, ಆಮೇಲೆ ಎಲೆ

ನೆಲಕ್ಕೆ ಬಿದ್ದ ಒಂಟಿ ಎಲೆಯನ್ನು ಹೆಕ್ಕಿ ಶುರು ಮಾಡಬೇಡಿ. ಎಲೆಗಳು ಕೊಂಬೆಯಲ್ಲಿ ಹೇಗೆ ಜೋಡಿಸಿಕೊಂಡಿವೆ ಎಂಬುದೇ ಅರ್ಧ ಉತ್ತರ, ಅದು ಬಿದ್ದ ಎಲೆಯಲ್ಲಿ ಇರುವುದಿಲ್ಲ. ಮೇಲಾಗಿ ಹೊನ್ನೆ, ಬೂರುಗದಂಥವು ಕಿರುಎಲೆಗಳನ್ನು ಬಿಡಿಬಿಡಿಯಾಗಿ ಉದುರಿಸುತ್ತವೆ. ತರಗೆಲೆ ಗುಡಿಸುವಾಗ ಅವೆಲ್ಲ ಒಂದೊಂದು ಇಡೀ ಎಲೆಯಂತೆಯೇ ಕಾಣುತ್ತವೆ.

ಬೇಕಾದದ್ದು ಒಂದು ಗೇಣುದ್ದದ ಕುಡಿಕೊಂಬೆ. ಬಲಿತ ಮರದ್ದಾಗಿರಲಿ. ಕಡಿದ ಬುಡದಿಂದ ಹೊಡೆದ ಚಿಗುರಿನ ಎಲೆಗಳು ಸಾಮಾನ್ಯವಾಗಿ ಆಕಾರ ತಪ್ಪಿರುತ್ತವೆ, ಕೆಲವೊಮ್ಮೆ ಎರಡು ಪಟ್ಟು ದೊಡ್ಡದಿರುತ್ತವೆ. ಒಂದೇ ಎಲೆ ನೋಡಿ ಉತ್ತರಿಸಬೇಡಿ, ನಾಲ್ಕೈದು ನೋಡಿ. ನಾಗಬನದ ಮರದಿಂದ ಕೀಳುವ ಕ್ರಮವಿಲ್ಲ. ಅಲ್ಲಿ ಹೊರಗಿನಿಂದ ಫೋನಿನ ಕ್ಯಾಮೆರಾ ಸಾಕು.

ಜೊತೆಗೆ ಒಂದು ಸ್ಕೇಲು, ಬಿಳಿ ಕಾಗದ, ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಇದ್ದರೆ ಒಳ್ಳೆಯದು. ಲೆನ್ಸ್ ಇಲ್ಲದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಮುಕ್ಕಾಲು ಕೆಲಸ ಆಗುತ್ತದೆ.

ಒಂದು ಎಚ್ಚರಿಕೆ. ಕೀಲಿಯಲ್ಲಿ 'ಮುರಿದರೆ ಹಾಲು ಬರುತ್ತದೆಯೇ' ಎಂಬ ಪ್ರಶ್ನೆ ಇದೆ. ಮುರಿಯುವ ಮೊದಲು ಆ ಮರ ಚೇರು ಅಲ್ಲ ಎಂದು ಖಚಿತ ಮಾಡಿಕೊಳ್ಳಿ. ಹೊಳಗೇರು ಅಂತಲೂ ಅನ್ನುತ್ತಾರೆ. ದೂರಕ್ಕೆ ಮಾವಿನ ಹಾಗೆ, ಗೇರಿನ ಹಾಗೆ ಕಾಣುತ್ತದೆ. ಇದರ ಸೊನೆ ಗಾಳಿಗೆ ಕಪ್ಪಾಗುತ್ತದೆ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಹಟ್ಟಿಗೆ ಸೊಪ್ಪು ತರಲು ಹೋಗಿ ಇದನ್ನು ಒಂದು ಹೊರೆ ಕಡಿದು ತಂದಿದ್ದೆ. ಮರುದಿನ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು, ಒಂದು ವಾರ ಶಾಲೆ ಇಲ್ಲ. ಗುರುತು ಸುಲಭ. ಎಲೆಯ ತೊಟ್ಟಿನ ಮೇಲೆ ಎರಡು ಸಣ್ಣ ಮೊನೆಗಳು, ಯಾರೋ ಮುಳ್ಳಿನ ತುದಿ ಅಂಟಿಸಿದ ಹಾಗೆ. ಕಾಂಡದಲ್ಲಿ ಅಲ್ಲಲ್ಲಿ ಕರಿ ಬಳಿದಂಥ ಒಣಗಿದ ಕಲೆ. ಇವೆರಡರಲ್ಲಿ ಒಂದು ಕಂಡರೂ ಕೈ ಹಿಂದಕ್ಕೆ. ಇನ್ನೊಂದು ಮಾತು: ಯಾವ ಎಲೆಯನ್ನೂ ರುಚಿ ನೋಡಬೇಡಿ. ಕೀಲಿಗೆ ನಾಲಗೆಯ ಅಗತ್ಯ ಇಲ್ಲ.

ಎಲೆ ಎಲ್ಲಿ ಶುರುವಾಗುತ್ತದೆ?

ಇದು ಕೇಳಲು ಪೆದ್ದು ಪ್ರಶ್ನೆ. ಆದರೆ ಕೀಲಿ ಹಿಡಿದು ದಾರಿ ತಪ್ಪಿದ ಹತ್ತರಲ್ಲಿ ಎಂಟು ಮಂದಿ ಇಲ್ಲೇ ತಪ್ಪಿರುತ್ತಾರೆ. ನುಗ್ಗೆಯದ್ದು ಉಗುರಿನಷ್ಟಿರುವುದು ಎಲೆಯೇ? ಅಲ್ಲ. ಅದು ಕಿರುಎಲೆ. ಅಡುಗೆಗೆ ಸೊಪ್ಪು ಬಿಡಿಸುವಾಗ ಕೈಯಲ್ಲಿ ಉಳಿಯುವ ಕವಲು ಕವಲಾದ ಇಡೀ ಕಡ್ಡಿ ಇದೆಯಲ್ಲ, ಅದೂ ಸೇರಿ ಒಂದು ಎಲೆ.

ತಿಳಿಯುವುದು ಹೇಗೆ? ಮೊಗ್ಗನ್ನು ಹುಡುಕಬೇಕು. ನಿಜವಾದ ಎಲೆಯ ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಒಂದು ಪುಟ್ಟ ಮೊಗ್ಗು ಇರುತ್ತದೆ. ಕೆಲವು ಮರಗಳಲ್ಲಿ ಸಾಸಿವೆಯಷ್ಟು, ಕೆಲವದರಲ್ಲಿ ಇನ್ನೂ ಸಣ್ಣದು. ಉಗುರಿನ ತುದಿಯಿಂದ ತೊಟ್ಟನ್ನು ಮೆಲ್ಲ ಹಿಂದಕ್ಕೆ ಬಾಗಿಸಿ, ಸಂದಿಯನ್ನು ಬೆಳಕಿಗೆ ಹಿಡಿಯಿರಿ. ಕಿರುಎಲೆಯ ಬುಡದಲ್ಲಿ ಮೊಗ್ಗು ಇರುವುದಿಲ್ಲ. ಮೊಗ್ಗಿನಿಂದ ಆಚೆಗೆ ಇರುವುದೆಲ್ಲ ಒಂದೇ ಎಲೆ. ಅದು ಒಂದೇ ಹಾಳೆಯಾದರೆ ಸರಳ ಎಲೆ, ತುಂಡು ತುಂಡಾಗಿದ್ದರೆ ಸಂಯುಕ್ತ ಎಲೆ.

ಈಗ ನನ್ನದೇ ಪೆಚ್ಚು ಪ್ರಸಂಗ. ಒಂದು ಶಾಲೆಯ ಮಕ್ಕಳನ್ನು ಗುಡ್ಡೆಗೆ ಕರೆದುಕೊಂಡು ಹೋಗಿದ್ದೆ. ನೆಲ್ಲಿಯ ಕಡ್ಡಿ ಹಿಡಿದು 'ನೋಡಿ, ಇದು ಸಂಯುಕ್ತ ಎಲೆ, ಹುಣಸೆಯ ಹಾಗೆಯೇ' ಅಂದೆ. ಆರನೇ ಕ್ಲಾಸಿನ ಒಬ್ಬಳು ಹುಡುಗಿ ಕೇಳಿದಳು: 'ಹಾಗಾದರೆ ಸರ್, ಎಲೆಯ ನಡುವಿನಲ್ಲಿ ನೆಲ್ಲಿಕಾಯಿ ಯಾಕೆ ಆಗಿದೆ?' ಉತ್ತರ ಇರಲಿಲ್ಲ. ಅವಳು ಹೇಳಿದ್ದೇ ಸರಿ. ನೆಲ್ಲಿಯ ಆ ತೆಳು ಕಡ್ಡಿ ಎಲೆಯ ದಂಟಲ್ಲ, ಸಣ್ಣ ಕೊಂಬೆ. ಅದರ ಎರಡೂ ಬದಿಗೆ ಸಾಲಾಗಿ ಕೂತಿರುವ ಪ್ರತಿಯೊಂದೂ ಒಂದೊಂದು ಸರಳ ಎಲೆ. ಅದಕ್ಕೇ ಆ ಪುಟಾಣಿ ಎಲೆಗಳ ಕಂಕುಳಲ್ಲಿ ಹೂವು, ಕಾಯಿ ಬರುತ್ತವೆ. ಕಡ್ಡಿ ಎಲೆಯ ಜೊತೆಗೇ ಉದುರುವುದರಿಂದ ನಾವು ಮೋಸ ಹೋಗುತ್ತೇವೆ. ಬಿಂಬುಳಿಯ ಕಡ್ಡಿ ಪಕ್ಕದಲ್ಲಿಟ್ಟು ನೋಡಿ. ಕಿರುಎಲೆಗಳ ನಡುವೆ ಒಂದು ಹೂವೂ ಇಲ್ಲ. ಹೂವು, ಕಾಯಿ ಎಲ್ಲ ಕಾಂಡಕ್ಕೇ ಅಂಟಿಕೊಂಡು ಆಗುತ್ತವೆ.

ಜೋಡಣೆ, ನರ, ಉಂಗುರ, ಆಕಾರ

ಮೊಗ್ಗು ಸಿಕ್ಕಿದ ಮೇಲೆ ಜೋಡಣೆ ಸುಲಭ. ಎಲೆ ಹುಟ್ಟುವ ಗೆಣ್ಣನ್ನು ನೋಡಿ. ಗೆಣ್ಣಿಗೆ ಒಂದೇ ಎಲೆ ಇದ್ದು, ಮುಂದಿನದು ಇನ್ನೊಂದು ಬದಿಗೆ ಇದ್ದರೆ ಅದು ಒಂಟಿ ಜೋಡಣೆ. ಎರಡು ಎಲೆ ಮುಖಾಮುಖಿ ಇದ್ದರೆ ಎದುರುಬದುರು. ನಾಲ್ಕು, ಐದು, ಏಳು ಎಲೆ ಕೊಡೆಯ ಕಡ್ಡಿಯ ಹಾಗೆ ಸುತ್ತ ನಿಂತಿದ್ದರೆ ಸುತ್ತು ಜೋಡಣೆ. ಮಾವಿನ ಕುಡಿಯಲ್ಲಿ ಎಲೆಗಳು ಒತ್ತಾಗಿ ಗುಂಪಾಗಿರುವುದರಿಂದ ಸುತ್ತು ಜೋಡಣೆಯಂತೆ ಕಾಣುತ್ತದೆ. ಒಂದು ಗೇಣು ಕೆಳಗೆ ಬನ್ನಿ, ಹಳೆಯ ಎಲೆ ಬಿದ್ದ ಗುರುತುಗಳು ಒಂದೊಂದಾಗಿಯೇ ಇರುತ್ತವೆ. ದಾಲ್ಚಿನ್ನಿಯಲ್ಲಿ ಎದುರುಬದುರು ಎಲೆಗಳು ಒಮ್ಮೊಮ್ಮೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುತ್ತವೆ. ಹೆಚ್ಚಿನ ಜೋಡಿಗಳು ಏನು ಹೇಳುತ್ತವೋ ಅದನ್ನು ನಂಬಿ.

ನರಗಳಿಗೆ ಎಲೆಯನ್ನು ಬೆಳಕಿಗೆ ಎತ್ತಿ ಹಿಡಿಯಿರಿ. ದಪ್ಪ ನರ ನಡುವೆ ಒಂದೇ ಇದೆಯೇ, ಅಥವಾ ಬುಡದಿಂದಲೇ ಮೂರು ಐದು ಹೊರಡುತ್ತವೆಯೇ? ಇದೊಂದು ನಂಬಬಹುದಾದ ಗುಣ, ಮಳೆಗಾಲ ಬೇಸಿಗೆ ಅಂತ ಬದಲಾಗುವುದಿಲ್ಲ.

ಹಲಸು, ಆಲ, ಸಂಪಿಗೆಯ ಜಾತಿಗೆ ಇನ್ನೊಂದು ಗುಟ್ಟಿನ ಗುರುತು ಇದೆ. ಕುಡಿಯ ಮೊಗ್ಗನ್ನು ಒಂದು ಟೊಪ್ಪಿಯಂಥ ಹೊದಿಕೆ ಮುಚ್ಚಿರುತ್ತದೆ. ಅದು ಉದುರಿದಾಗ ಕೊಂಬೆಯ ಸುತ್ತ ಉಂಗುರದ ಗೆರೆ ಉಳಿಯುತ್ತದೆ. ಹಲಸಿನ ಕೊಂಬೆಯ ಮೇಲೆ ಬೆರಳು ಸವರಿದರೆ ಕೈಗೇ ಸಿಗುತ್ತದೆ.

ಅಂಚು ಮತ್ತು ಆಕಾರವನ್ನು ನಾನು ಕೊನೆಗೆ ಇಡುತ್ತೇನೆ. ಅಗಲ, ಉದ್ದ, ಮೊಟ್ಟೆಯಾಕಾರ ಎಂದೆಲ್ಲ ಬರೆದರೆ ಒಂದೇ ಮರದಲ್ಲಿ ಮೂರೂ ಸಿಗುತ್ತವೆ.

ಕೀಲಿ

ಇದರಲ್ಲಿ 28 ಮರಗಳಿವೆ, 27 ಕವಲು. ಕಾಸರಗೋಡಿನ ಮನೆ ಸುತ್ತ, ಗುಡ್ಡೆಯ ಬದಿ ಸಾಮಾನ್ಯವಾಗಿ ಸಿಗುವಂಥವು. ತೆಂಗು, ಅಡಿಕೆಯನ್ನು ಬಿಟ್ಟಿದ್ದೇನೆ, ಅವಕ್ಕೆ ಕೀಲಿ ಬೇಕಾ? ಎರಡೂ ಸಾಲನ್ನು ಓದಿದ ಮೇಲೆಯೇ ಆರಿಸಿ. 'ಅ' ಓದಿದ ಕೂಡಲೇ ಹೌದು ಹೌದು ಅನ್ನುವುದು ಎಲ್ಲರೂ ಮಾಡುವ ತಪ್ಪು.

1ಅ. ಎಲೆ ಒಂದೇ ಹಾಳೆ (ಸರಳ) – 2ಕ್ಕೆ
1ಆ. ಒಂದು ಎಲೆಯಲ್ಲಿ ಹಲವು ಕಿರುಎಲೆ (ಸಂಯುಕ್ತ) – 20ಕ್ಕೆ

2ಅ. ಗೆಣ್ಣಿಗೆ 4ರಿಂದ 7 ಎಲೆ, ಸುತ್ತು ಜೋಡಣೆ. ಮುರಿದರೆ ಬಿಳಿ ಹಾಲು – ಪಾಲೆ
2ಆ. ಗೆಣ್ಣಿಗೆ ಒಂದು ಅಥವಾ ಎರಡು ಎಲೆ – 3ಕ್ಕೆ

3ಅ. ಎರಡು ಎಲೆ ಎದುರುಬದುರು – 4ಕ್ಕೆ
3ಆ. ಒಂದೇ ಎಲೆ – 10ಕ್ಕೆ

4ಅ. ಬುಡದಲ್ಲೇ ಅಥವಾ ಬುಡಕ್ಕೆ ತಾಗಿದಂತೆ 3ರಿಂದ 5 ದಪ್ಪ ನರ – 5ಕ್ಕೆ
4ಆ. ನಡುವೆ ಒಂದೇ ದಪ್ಪ ನರ – 7ಕ್ಕೆ

5ಅ. ಉಜ್ಜಿದರೆ ಮಸಾಲೆಯ ಘಮ – ದಾಲ್ಚಿನ್ನಿ
5ಆ. ಘಮ ಇಲ್ಲ – 6ಕ್ಕೆ

6ಅ. ಬುಡ ಹೃದಯದಂತೆ ಒಳಗೆ ಕಚ್ಚಿದೆ, ತೊಟ್ಟು ಬೆರಳುದ್ದ, ಎಲೆಯ ಅಡಿ ಮೆತ್ತಗಿನ ರೋಮ – ಶಿವನೆ
6ಆ. ಬುಡ ದುಂಡು, ತೊಟ್ಟು 1 ಸೆಂ.ಮೀ. ಆಸುಪಾಸು, ಎರಡೂ ಬದಿ ನುಣುಪು ಹೊಳಪು – ಕಾಸರಕ

7ಅ. ಎಲೆ ಒರಟು, ಸುಮಾರು ಒಂದು ಅಡಿ ಅಥವಾ ಇನ್ನೂ ಉದ್ದ. ಎಳೆ ಎಲೆ ಉಜ್ಜಿದರೆ ಕೈ ಕೆಂಪು – ಸಾಗುವಾನಿ
7ಆ. ಎಲೆ ನುಣುಪು, ಅಷ್ಟು ಉದ್ದ ಇಲ್ಲ – 8ಕ್ಕೆ

8ಅ. ಎಲೆ ದಪ್ಪ, ಪಕ್ಕದ ನರಗಳು ಕೂದಲಂತೆ ತೆಳು, ಒತ್ತೊತ್ತಾಗಿ ನೇರ, ತೊಟ್ಟು ಮುರಿದರೆ ಅಂಟು ಸೊನೆ, ಉಜ್ಜಿದರೆ ಘಮ ಇಲ್ಲ – ಸುರಹೊನ್ನೆ
8ಆ. ಇವೆಲ್ಲ ಒಟ್ಟಿಗೆ ಇಲ್ಲ – 9ಕ್ಕೆ

9ಅ. ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ಚುಕ್ಕಿಗಳು, ಅಂಚಿನ ಒಳಗೆ ಸುತ್ತ ಓಡುವ ತೆಳು ನರ. ಉಜ್ಜಿದರೆ ಘಮ – ನೇರಳೆ
9ಆ. ಘಮ ಇಲ್ಲ, ಕೊಂಬೆಗಳು ಕೆಳಕ್ಕೆ ಜೋತಿವೆ, ಚಿಗುರು ಕೆಂಪು – ಪುನರ್ಪುಳಿ

10ಅ. ತೊಟ್ಟು ಎಲೆಯ ಅಂಚಿಗಲ್ಲ, ಹಾಳೆಯ ಒಳಭಾಗಕ್ಕೆ ಅಂಟಿದೆ – ಉಪ್ಪಳಿಗೆ
10ಆ. ತೊಟ್ಟು ಅಂಚಿಗೇ ಸೇರಿದೆ – 11ಕ್ಕೆ

11ಅ. ಎಲೆ 2 ಸೆಂ.ಮೀ. ಮೀರುವುದಿಲ್ಲ, ತೆಳು ಕಡ್ಡಿಯ ಎರಡು ಬದಿ ಸಾಲು – ನೆಲ್ಲಿ
11ಆ. ಎಲೆ ಅದಕ್ಕಿಂತ ದೊಡ್ಡದು – 12ಕ್ಕೆ

12ಅ. ಕತ್ತಿಯಂತೆ ಬಾಗಿದೆ, ಬುಡದಿಂದ ತುದಿಯತ್ತ ಹಲವು ನರ ಒಟ್ಟೊಟ್ಟಿಗೆ ಉದ್ದಕ್ಕೆ ಓಡುತ್ತವೆ – ಅಕೇಶಿಯಾ
12ಆ. ಹಾಗಿಲ್ಲ, ಪಕ್ಕದ ನರಗಳು ಅಂಚಿನತ್ತ ಹೋಗುತ್ತವೆ – 13ಕ್ಕೆ

13ಅ. ಗೆಣ್ಣಿನಲ್ಲಿ ಕೊಂಬೆಯ ಸುತ್ತ ಉಂಗುರದ ಗುರುತು – 14ಕ್ಕೆ
13ಆ. ಉಂಗುರ ಇಲ್ಲ – 18ಕ್ಕೆ

14ಅ. ಮುರಿದರೆ ಹಾಲು ಬರುವುದಿಲ್ಲ – ಸಂಪಿಗೆ
14ಆ. ಬಿಳಿ ಹಾಲು ಬರುತ್ತದೆ – 15ಕ್ಕೆ

15ಅ. ತುದಿ ಬಾಲದಂತೆ ಉದ್ದ – ಅಶ್ವತ್ಥ
15ಆ. ಬಾಲ ಇಲ್ಲ – 16ಕ್ಕೆ

16ಅ. ಬಲಿತ ಮರದ ಎಲೆ ಆಳವಾಗಿ ಸೀಳಿ ಬೆರಳು ಬೆರಳಾಗಿದೆ – ಜೀಗುಜ್ಜೆ
16ಆ. ಬಲಿತ ಮರದ ಎಲೆಯಲ್ಲಿ ಸೀಳು ಇಲ್ಲ – 17ಕ್ಕೆ

17ಅ. ಬುಡದಿಂದ ಮೂರು ಅಥವಾ ಹೆಚ್ಚು ಎದ್ದು ಕಾಣುವ ನರ. ಕೊಂಬೆಯಿಂದ ಬಿಳಲು – ಆಲ
17ಆ. ನಡುನರ ಒಂದೇ ಎದ್ದು ಕಾಣುತ್ತದೆ; ಬಿಳಲು ಇಲ್ಲ – ಹಲಸು

18ಅ. ತೊಟ್ಟಿನ ಮೇಲೆ ಎರಡು ಸಣ್ಣ ಮೊನೆ – ಚೇರು (ಮುರಿಯಬೇಡಿ)
18ಆ. ಮೊನೆ ಇಲ್ಲ – 19ಕ್ಕೆ

19ಅ. ತುದಿ ದುಂಡು ಅಥವಾ ಒಳಗೆ ಕಚ್ಚಿದಂತೆ – ಗೇರು
19ಆ. ತುದಿ ಚೂಪು, ಉಜ್ಜಿದರೆ ಮಾವಿನ ಸೊನೆಯ ವಾಸನೆ – ಮಾವು

20ಅ. ಕಿರುಎಲೆ ಮೂರೇ – 21ಕ್ಕೆ
20ಆ. ಮೂರಕ್ಕಿಂತ ಹೆಚ್ಚು – 23ಕ್ಕೆ

21ಅ. ತೊಟ್ಟು ಮುರಿದರೆ ಬಿಳಿ ಹಾಲು – ರಬ್ಬರ್
21ಆ. ಹಾಲು ಇಲ್ಲ – 22ಕ್ಕೆ

22ಅ. ಉಜ್ಜಿದರೆ ಘಮ, ಬೆಳಕಿಗೆ ಚುಕ್ಕಿ ಕಾಣುತ್ತದೆ – ಬಿಲ್ವ
22ಆ. ಘಮವೂ ಇಲ್ಲ, ಚುಕ್ಕಿಯೂ ಇಲ್ಲ. ಕೊಂಬೆಯಲ್ಲಿ ಗಿಡ್ಡ ಮುಳ್ಳು – ಹಾಲಿವಾಣ

23ಅ. ಕಿರುಎಲೆಗಳು ಒಂದೇ ಜಾಗದಿಂದ ಬೆರಳುಗಳಂತೆ ಹೊರಟಿವೆ – ಬೂರುಗ
23ಆ. ನಡುಕಡ್ಡಿಯ ಎರಡು ಬದಿಗೆ ಗರಿಯಂತಿವೆ – 24ಕ್ಕೆ

24ಅ. ನಡುಕಡ್ಡಿ ಮತ್ತೆ ಮತ್ತೆ ಕವಲೊಡೆದಿದೆ – ನುಗ್ಗೆ
24ಆ. ಕವಲು ಇಲ್ಲ – 25ಕ್ಕೆ

25ಅ. ಕಿರುಎಲೆಯ ಅಂಚಿನಲ್ಲಿ ಗರಗಸದ ಹಲ್ಲು – ಬೇವು
25ಆ. ಹಲ್ಲು ಇಲ್ಲ – 26ಕ್ಕೆ

26ಅ. ತುದಿಯಲ್ಲಿ ಒಂಟಿ ಕಿರುಎಲೆ ಇಲ್ಲ, ಜೋಡಿಯಲ್ಲೇ ಮುಗಿಯುತ್ತದೆ – ಹುಣಸೆ
26ಆ. ತುದಿಯಲ್ಲಿ ಒಂಟಿ ಕಿರುಎಲೆ – 27ಕ್ಕೆ

27ಅ. ಕಿರುಎಲೆ 5ರಿಂದ 7, ತುದಿ ಸ್ವಲ್ಪ ಕಚ್ಚಿದಂತೆ – ಹೊನ್ನೆ ಅಥವಾ ಬೇಂಗ
27ಆ. ಕಿರುಎಲೆ ಇಪ್ಪತ್ತಕ್ಕೂ ಹೆಚ್ಚು, ತುದಿ ಚೂಪು – ಬಿಂಬುಳಿ

ಪಾಲೆಗೆ ಎರಡೇ ಉತ್ತರ ಸಾಕು. ಹಲಸಿಗೆ ಹನ್ನೊಂದು ಬೇಕು. ಎಲ್ಲ ಕವಲನ್ನೂ ಸರಿ ಅರ್ಧಕ್ಕೆ ಒಡೆಯಲು ಆದರೆ ಐದು ಪ್ರಶ್ನೆಯಲ್ಲಿ 32 ಮರಗಳನ್ನು ಬೇರೆ ಮಾಡಬಹುದು. ಮರಗಳು ನಮ್ಮ ಲೆಕ್ಕಕ್ಕೆ ಬೆಳೆಯುವುದಿಲ್ಲ, ಅಷ್ಟೇ.

ಒಂದು ಕೊಂಬೆ ಹಿಡಿದು ನೋಡೋಣ

ನನ್ನ ಮುಂದೆ ಗುಡ್ಡೆಯ ಬದಿಯಿಂದ ತಂದ ಕುಡಿ ಇದೆ. ಎಲೆಗಳು ಅಂಗೈಯಷ್ಟು, ಎಣ್ಣೆ ಹಚ್ಚಿದಂತೆ ಹೊಳಪು. ಒಂದು ತೊಟ್ಟನ್ನು ಬಾಗಿಸಿದೆ, ಕಂಕುಳಲ್ಲಿ ಮೊಗ್ಗು ಇದೆ. ಮೊಗ್ಗಿನಿಂದ ಆಚೆ ಒಂದೇ ಹಾಳೆ, ಹಾಗಾಗಿ 1ಅ. ಗೆಣ್ಣಿಗೆ ಎರಡು ಎಲೆ ಮಾತ್ರ, 2ಆ. ಮುಖಾಮುಖಿ, 3ಅ. ಬೆಳಕಿಗೆ ಹಿಡಿದರೆ ಬುಡದಿಂದ ಐದು ನರ. ಹೊರಗಿನ ಎರಡು ತೀರಾ ತೆಳು, ಅಂಚಿಗೆ ತಾಗಿಕೊಂಡು ಓಡಿ ಮಾಯವಾಗುತ್ತವೆ. ಒಳಗಿನ ಮೂರು ತುದಿಯವರೆಗೆ ಬಿಲ್ಲಿನಂತೆ ಬಾಗಿ ಹೋಗುತ್ತವೆ. 4ಅ. ಉಜ್ಜಿ ಮೂಸಿದೆ, ಹಸಿ ಸೊಪ್ಪಿನ ವಾಸನೆ ಬಿಟ್ಟರೆ ಏನೂ ಇಲ್ಲ, 5ಆ. ಬುಡ ದುಂಡು, ತೊಟ್ಟು ಗಿಡ್ಡ, ರೋಮ ಇಲ್ಲ, 6ಆ. ಕಾಸರಕ.

ತುಳುವಿನಲ್ಲಿ ಕಾಯರ್, ಮಲಯಾಳದಲ್ಲಿ ಕಾಞಿರಂ. ಕಾಸರಗೋಡು ಎಂಬ ಹೆಸರೇ ಈ ಮರದಿಂದ ಬಂತು ಎನ್ನುವುದುಂಟು. ಈಗ ಅದು ನಮ್ಮ ಜಿಲ್ಲೆಯ ಅಧಿಕೃತ ಮರವೂ ಹೌದು. ಜೊತೆಗೆ ವಿಷದ ಮರ. ಬೀಜ, ತೊಗಟೆ ಎರಡರಲ್ಲೂ ಸ್ಟ್ರಿಕ್ನಿನ್ ಎಂಬ ವಿಷ ಇದೆ.

ಉತ್ತರ ಸಿಕ್ಕಿತು ಎಂದು ಇಲ್ಲಿಗೆ ನಿಲ್ಲಿಸಬೇಡಿ. ಕೀಲಿ ಕೇಳದ ಇನ್ನೊಂದೆರಡು ಗುಣ ಹೊಂದುತ್ತವೆಯೇ ನೋಡಿ. ಕಾಸರಕವಾದರೆ ಕಿತ್ತಳೆ ಬಣ್ಣದ ದುಂಡು ಹಣ್ಣು, ಒಳಗೆ ಗುಂಡಿಯಂಥ ಚಪ್ಪಟೆ ಬೀಜ. ಹೊಂದದಿದ್ದರೆ ಎಲ್ಲಿ ಅನುಮಾನ ಬಂದಿತ್ತೋ ಆ ಕವಲಿಗೆ ವಾಪಸ್ ಹೋಗಿ ಇನ್ನೊಂದು ದಾರಿ ಹಿಡಿಯಿರಿ. ಅದಕ್ಕಾಗಿಯೇ ನಾನು ಉತ್ತರಗಳನ್ನು ಸಾಲಾಗಿ ಬರೆದಿಡುತ್ತೇನೆ: 1ಅ, 2ಆ, 3ಅ... ಅನುಮಾನ ಇದ್ದ ಕಡೆ ಪ್ರಶ್ನೆಚಿಹ್ನೆ.

ಪಾಲೆಯೋ ಕಾಸರಕವೋ

ಇದನ್ನು ಬೇರೆಯಾಗಿ ಬರೆಯಲು ಕಾರಣ ಆಟಿ ಅಮಾವಾಸ್ಯೆ, ಅಂದರೆ ತುಳುವಿನ ಆಟಿ ತಿಂಗಳ ಅಮಾವಾಸ್ಯೆ. ಅಂದು ಬೆಳಗಾಗುವ ಮೊದಲು ಪಾಲೆಯ ಮರಕ್ಕೆ ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ಕೆತ್ತೆ (ತೊಗಟೆ) ತಂದು, ಅರೆದು, ಬೆಳ್ಳುಳ್ಳಿ ಕರಿಮೆಣಸು ಹಾಕಿ ಕುಡಿಯುವ ಕ್ರಮ ನಮ್ಮ ಕಡೆ ಇನ್ನೂ ಇದೆ. ಮೇಲಿಂದ ಮೆಂತೆ ಗಂಜಿ. ಕತ್ತಲು, ಮಳೆ, ಅವಸರ. ಪಾಲೆಯೂ ಕಾಸರಕವೂ ಒಂದೇ ಗುಡ್ಡೆಯಲ್ಲಿ ಬೆಳೆಯುತ್ತವೆ. ಕತ್ತಲಲ್ಲಿ ಎರಡರ ಕಾಂಡವೂ ಒಂದೇ ಥರ. ಕೆತ್ತೆ ಬದಲಾದರೆ ಜೀವಕ್ಕೇ ಅಪಾಯ.

ಹಾಗಾಗಿ ಮರವನ್ನು ಹಿಂದಿನ ದಿನ ಹಗಲಲ್ಲೇ ನೋಡಿ ಗುರುತು ಮಾಡಿ. ನೂಲು ಕಟ್ಟಿದರೂ ಆಯಿತು. ಮೂರು ಗುಣ ಮೂರೂ ಸೇರಬೇಕು, ಎರಡು ಸೇರಿದರೆ ಸಾಲದು. ಒಂದು, ಸುತ್ತು ಜೋಡಣೆ. ಮಲಯಾಳದ ಏಳಿಲಂಪಾಲ, ಸಂಸ್ಕೃತದ ಸಪ್ತಪರ್ಣ ಎರಡೂ ಏಳು ಎಲೆ ಅನ್ನುತ್ತವೆ. ಆದರೆ ನಾಲ್ಕು ಐದು ಇರುವ ಗೆಣ್ಣುಗಳೂ ಬೇಕಾದಷ್ಟು ಸಿಗುತ್ತವೆ. ಎರಡೇ ಇದ್ದರೆ ಮಾತ್ರ ಅದು ಪಾಲೆ ಅಲ್ಲ. ಎರಡು, ಎಲೆ ಮುರಿದ ಕೂಡಲೇ ಬಿಳಿ ಹಾಲು. ಕಾಸರಕದಲ್ಲಿ ಹಾಲಿಲ್ಲ. ಮೂರು, ನಡುನರದಿಂದ ಪಕ್ಕದ ನರಗಳು ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ, ಹೆಚ್ಚುಕಡಿಮೆ ಅಡ್ಡಕ್ಕೆ ಹೊರಡುತ್ತವೆ. ಕಾಸರಕದಲ್ಲಿ ಬುಡದಿಂದಲೇ ಉದ್ದಕ್ಕೆ. ಹಳೆಯ ಪಾಲೆಯ ಎಲೆ ತುಂಬಾ ಎತ್ತರದಲ್ಲಿರುತ್ತದೆ. ಎಲೆ ಕೈಗೆ ಸಿಗದ, ಕಣ್ಣಿಗೆ ಸರಿಯಾಗಿ ಕಾಣದ ಮರದ ತಂಟೆಗೇ ಹೋಗಬೇಡಿ. ಬರೀ ತೊಗಟೆ ನೋಡಿ ಹೇಳುವ ಧೈರ್ಯ ನನಗಂತೂ ಇಲ್ಲ.

ಅಂದಹಾಗೆ ಪಾಲೆಯ ವೈಜ್ಞಾನಿಕ ಹೆಸರು ಆಲ್ಸ್ಟೋನಿಯಾ ಸ್ಕೋಲಾರಿಸ್. ಹಿಂದೆ ಇದರ ಮೆತ್ತಗಿನ ಮರದಿಂದ ಶಾಲೆ ಮಕ್ಕಳ ಬರೆಯುವ ಹಲಗೆ ಮಾಡುತ್ತಿದ್ದುದರಿಂದ ಆ ಸ್ಕೋಲಾರಿಸ್.

ಮೋಸ ಮಾಡುವ ಎಲೆಗಳು

ನೆಲ್ಲಿಯ ಕತೆ ಹೇಳಿದೆ. ಅದಕ್ಕಿಂತ ದೊಡ್ಡ ಮೋಸಗಾರ ಅಕೇಶಿಯಾ. ಗುಡ್ಡೆಗಳಲ್ಲಿ ಸಾಲು ಸಾಲು ನೆಟ್ಟ ಆ ಮರದ ಬಾಗಿದ 'ಎಲೆ' ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ನಂಬಿಕೆ ಬಾರದಿದ್ದರೆ ಮಳೆ ಬಿದ್ದ ಮೇಲೆ ಮರದ ಬುಡದಲ್ಲಿ ಹುಟ್ಟಿದ ಸಸಿ ನೋಡಿ. ಮೊದಲ ಎಲೆಗಳು ನಾಚಿಕೆಮುಳ್ಳಿನ ಜಾತಿಯ ಪುಟಾಣಿ ಕಿರುಎಲೆಗಳು. ಮುಂದಿನ ಎಲೆಗಳಲ್ಲಿ ತೊಟ್ಟು ಅಗಲವಾಗಿ, ತುದಿಯಲ್ಲಿ ಇನ್ನೂ ನಾಲ್ಕು ಕಿರುಎಲೆ ಅಂಟಿಕೊಂಡಿರುತ್ತವೆ. ಆಮೇಲೆ ಅವೂ ಹೋಗಿ ತೊಟ್ಟು ಮಾತ್ರ. ಕೀಲಿಯಲ್ಲಿ ನಾನು ಇದನ್ನು ಸರಳ ಎಲೆಯ ಕಡೆ ಹಾಕಿದ್ದೇನೆ, ಯಾಕೆಂದರೆ ಕೀಲಿ ಕೇಳುವುದು ಹೇಗೆ ಕಾಣುತ್ತದೆ ಎಂದು. ಹೇಗೆ ಹುಟ್ಟಿತು ಎಂದಲ್ಲ.

ಹಲಸಿನ ಸಸಿಯ ಎಲೆ ಸೀಳಿರುತ್ತದೆ, ಬಲಿತ ಮರದ್ದು ಸೀಳಿರುವುದಿಲ್ಲ. ಅದರ ವೈಜ್ಞಾನಿಕ ಹೆಸರಿನಲ್ಲಿರುವ ಹೆಟರೋಫಿಲಸ್‌ಗೆ 'ಬೇರೆ ಬೇರೆ ಎಲೆಯದ್ದು' ಎಂದೇ ಅರ್ಥ. ಹೆಬ್ಬಲಸಿನ ಎಳೆ ಗಿಡದಲ್ಲಂತೂ ಸೀಳು ಇನ್ನೂ ಆಳ. ಸಸಿ ಹಿಡಿದು ಕೀಲಿ ತೆರೆದರೆ ಎರಡೂ ಜೀಗುಜ್ಜೆ ಆಗಿಬಿಡುತ್ತವೆ. ಬಲಿತ ಹೆಬ್ಬಲಸು ನನ್ನ ಕೀಲಿಯಲ್ಲಿ ಹಲಸಿನ ಜಾಗಕ್ಕೇ ಬರುತ್ತದೆ. ಎಳೆ ಕೊಂಬೆಯ ಮೇಲೆ ಒರಟು ರೋಮ ಕೈಗೆ ತಾಗಿದರೆ ಹೆಬ್ಬಲಸು ಅಂದುಕೊಳ್ಳಿ. ಪೇರಳೆಯೂ ಹೀಗೆಯೇ 9ರಲ್ಲಿ ನೇರಳೆಯ ಕಡೆ ಹೋಗಿ ಕೂರುತ್ತದೆ. ಅದರ ನರಗಳು ಮೇಲೆ ತಗ್ಗು, ಅಡಿಯಲ್ಲಿ ಉಬ್ಬು.

ಬೇವಿನ ತುದಿಯ ಒಂಟಿ ಕಿರುಎಲೆ ಎಷ್ಟೋ ಸಲ ಇರುವುದೇ ಇಲ್ಲ. ಅದಕ್ಕೇ ಹಲ್ಲಿನ ಪ್ರಶ್ನೆಯನ್ನು ಮೊದಲು ಇಟ್ಟದ್ದು. ಬೀಚಿನ ಗಾಳಿಮರದ ಸೂಜಿಗಳು ಎಲೆಯಲ್ಲ, ಹಸಿರು ಕಡ್ಡಿಗಳು. ಸೂಜಿಯನ್ನು ಎಳೆದರೆ ಗೆಣ್ಣಿನಲ್ಲಿ ಕಳಚುತ್ತದೆ, ಅಲ್ಲಿ ಹಲ್ಲಿನಂತೆ ಸುತ್ತ ನಿಂತ ಪುಟ್ಟ ಪೊರೆಗಳೇ ನಿಜವಾದ ಎಲೆ. ಬೇಸಿಗೆಯಲ್ಲಿ ಬೂರುಗ, ಸಾಗುವಾನಿ ಬೋಳಾಗಿರುತ್ತವೆ, ಚಿಗುರಿದ ಮೇಲೆ ಹೋಗಿ.

ನಿಮ್ಮದೇ ಕೀಲಿ

ಬೇರೆಯವರ ಕೀಲಿ ಓದುವುದಕ್ಕಿಂತ ಸ್ವಂತದ್ದೊಂದು ಮಾಡಿದರೆ ಕಣ್ಣು ಬೇಗ ಪಳಗುತ್ತದೆ. ಆರು ಕೊಂಬೆ ತಂದು ಜಗಲಿಯಲ್ಲಿ ಹರಡಿ. ಒಂದೇ ಗುಣ ಆರಿಸಿ ಎರಡು ರಾಶಿ ಮಾಡಿ, ಆ ಗುಣವನ್ನು ಎರಡು ಸಾಲಿನಲ್ಲಿ ಬರೆಯಿರಿ. ಒಂದೊಂದು ರಾಶಿಯನ್ನೂ ಮತ್ತೆ ಒಡೆಯಿರಿ. ಒಂಟಿ ಉಳಿಯುವವರೆಗೆ ಇದೇ ಕೆಲಸ. ಆರು ಮರಕ್ಕೆ ಐದು ಕವಲು ಬರಬೇಕು. ಯಾವಾಗಲೂ ಮರಗಳ ಸಂಖ್ಯೆಗಿಂತ ಒಂದು ಕಡಿಮೆ. ನಾಲ್ಕೇ ಬಂದರೆ ಎಲ್ಲೋ ಎರಡು ಮರ ಒಟ್ಟಿಗೆ ಉಳಿದಿವೆ, ಆರು ಬಂದರೆ ಒಂದು ಮರ ಎರಡು ಕಡೆ ಸೇರಿದೆ.

ಜೋಡಿಯ ಎರಡೂ ಸಾಲು ಒಂದೇ ವಿಷಯ ಮಾತಾಡಬೇಕು. 'ಎಲೆ ಒರಟು' ಎಂದು ಅ ಬರೆದು, 'ಹೂವು ಬಿಳಿ' ಎಂದು ಆ ಬರೆದರೆ ಓದುವವನು ನಡುದಾರಿಯಲ್ಲಿ ನಿಲ್ಲುತ್ತಾನೆ. ಹೆಸರನ್ನು ಮೂರು ಭಾಷೆಯಲ್ಲೂ ಬರೆದಿಡಿ. ನಮ್ಮ ಹಿತ್ತಿಲಿನ ಹೊನ್ನೆಯ ಜಗಳ ಅಲ್ಲಿಗೆ ಮುಗಿಯುತ್ತದೆ. ಕೊಂಬೆಗಳನ್ನು ಹಳೇ ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ. ಮಳೆಗಾಲದಲ್ಲಿ ಪೇಪರ್ ದಿನಾ ಬದಲಿಸಬೇಕು, ಇಲ್ಲದಿದ್ದರೆ ಮೂರನೇ ದಿನಕ್ಕೆ ಬೂಷ್ಟು.

ಇನ್ನೂ ಆಳಕ್ಕೆ ಇಳಿಯುವ ಆಸೆ ಇದ್ದರೆ ಗ್ಯಾಂಬಲ್ ಎಂಬ ಸಸ್ಯತಜ್ಞ ಶುರು ಮಾಡಿದ ಮದ್ರಾಸ್ ಪ್ರಾಂತ್ಯದ ಸಸ್ಯಕೋಶ ನೋಡಬಹುದು. 1915ರಿಂದ 1936ರವರೆಗೆ ಕಂತುಕಂತಾಗಿ ಬಂತು. ಆಗ ಕಾಸರಗೋಡು ಅದೇ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಹಾಗಾಗಿ ನಮ್ಮ ಗುಡ್ಡೆಯ ಮರಗಳೂ ಅದರಲ್ಲಿವೆ. ಅದರ ಕೀಲಿಗಳು ಹೆಚ್ಚಾಗಿ ಹೂವಿನ ಬಗ್ಗೆ ಕೇಳುತ್ತವೆ, ಇಂಗ್ಲಿಷೂ ಕಠಿಣ.

ಬರೆದ ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟು ಸುಮ್ನೆ ಕೂರಿ. ಬಾಯಿ ಬಿಡಬೇಡಿ. ನಾನು ಇದನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟೆ. ಎಲ್ಲ ಸರಿ ಹೋಗಿ 7ರಲ್ಲಿ ನಿಂತ. ಆಗ ಅಲ್ಲಿ 'ಎಲೆ ಅಂಗೈಗಿಂತ ದೊಡ್ಡದು' ಎಂದಿತ್ತು. ಅವನು ತನ್ನ ಅಂಗೈಯನ್ನು ಸುರಹೊನ್ನೆಯ ಎಲೆಯ ಮೇಲಿಟ್ಟ, ಎಲೆಯೇ ದೊಡ್ಡದು. 'ಸಾಗುವಾನಿ' ಎಂದು ಬರೆದ. ನನ್ನ ಅಂಗೈಯಿಟ್ಟು ನೋಡಿದರೆ ಸರಿಸಮ. ಅವತ್ತೇ ಅಂಗೈಯನ್ನು ಹೊಡೆದುಹಾಕಿ ಒಂದು ಅಡಿ ಎಂದು ತಿದ್ದಿದೆ.